ಅಲರ್ಜಿಗೆ ಸ್ಟೀರಾಯ್ಡ್ ಮೂಗಿನ ಸ್ಪ್ರೇ: ಹೇಗೆ ಹಾಕಬೇಕು, ಎಷ್ಟು ದಿನ, ಏನೇನು ಎಚ್ಚರ

"ಸ್ಪ್ರೇ ಹಾಕಿದೆ, ಏನೂ ಉಪಯೋಗ ಆಗಲಿಲ್ಲ" ಅನ್ನುವವರಿಗೆ "ಎಲ್ಲಿ, ಒಂದು ಸಲ ಹಾಕಿ ತೋರಿಸಿ" ಅಂತ ಹೇಳಿ ನೋಡಿ. ಎಷ್ಟೋ ಸಲ ಕಾರಣ ಅಲ್ಲೇ ಕಣ್ಣಿಗೆ ಬೀಳುತ್ತದೆ. ಬಲಗೈಯಲ್ಲಿ ಬಾಟಲಿ ಹಿಡಿಯುತ್ತಾರೆ. ತಲೆಯನ್ನು ಹಿಂದಕ್ಕೆ ವಾಲಿಸುತ್ತಾರೆ. ತುದಿಯನ್ನು ಬಲ ಹೊಳ್ಳೆಗೆ ತೂರಿಸಿ, ಒತ್ತಿ, ಸರ್ರನೆ ಜೋರಾಗಿ ಎಳೆದುಕೊಳ್ಳುತ್ತಾರೆ. ಒಂದಷ್ಟು ಔಷಧಿ ಎರಡು ಹೊಳ್ಳೆಗಳ ನಡುವಿನ ಗೋಡೆಗೆ ಬಡಿಯುತ್ತದೆ, ಇನ್ನೊಂದಷ್ಟು ಗಂಟಲಿಗೆ ಇಳಿಯುತ್ತದೆ. ಊದಿಕೊಂಡು ಮೂಗು ಕಟ್ಟಿಸಿರುವ ಜಾಗಕ್ಕೆ ಸಿಗುವುದು ಅಲ್ಪಸ್ವಲ್ಪ. ಹೀಗೆ ಎರಡು ಮೂರು ದಿನ ಹಾಕಿ, ಸಾಕು ಅಂತ ಬಿಟ್ಟುಬಿಡುತ್ತಾರೆ.

ಅಲರ್ಜಿಯ ಸೀನು, ಸೋರುವ ಮೂಗು, ಮುಖ್ಯವಾಗಿ ಕಟ್ಟಿದ ಮೂಗು, ಇವಕ್ಕೆ ಈಗಿರುವ ಔಷಧಿಗಳಲ್ಲಿ ಸ್ಟೀರಾಯ್ಡ್ ಸ್ಪ್ರೇ ತುಂಬ ಪರಿಣಾಮಕಾರಿ. ಆದರೆ ಮಾತ್ರೆ ನುಂಗಿ ಮರೆತ ಹಾಗೆ ಇದನ್ನು ಬಳಸಲು ಬರುವುದಿಲ್ಲ. ಎತ್ತ ಕಡೆಗೆ ಗುರಿಯಿಟ್ಟು ಒತ್ತುತ್ತೀರಿ, ಎಷ್ಟು ದಿನ ಬಿಡದೆ ಹಾಕುತ್ತೀರಿ, ಈ ಎರಡರ ಮೇಲೇ ಇದರ ಗುಣವೂ ನಿಂತಿದೆ, ತೊಂದರೆಯೂ ನಿಂತಿದೆ. ಹಾಗಾಗಿ ಕೆಳಗೆ ಈ ಎರಡು ವಿಷಯಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕೈಯಲ್ಲಿರುವುದು ಯಾವ ಸ್ಪ್ರೇ, ಮೊದಲು ಅದನ್ನು ನೋಡಿ

ಮೂಗಿಗೆ ಹಾಕುವ ಸ್ಪ್ರೇ ಎಲ್ಲವೂ ಒಂದೇ ಅಲ್ಲ. ಬಾಟಲಿ ನೋಡಲು ಒಂದೇ ಥರ ಇರುತ್ತದೆ, ಒಳಗಿನ ಔಷಧಿ ಬೇರೆ ಬೇರೆ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ಬಿಟ್ಟು, ಅದರ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುವ ಔಷಧಿಯ ಹೆಸರು ಓದಿ.

ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್, ಬೆಕ್ಲೋಮೆಥಾಸೋನ್, ಟ್ರಯಾಮ್ಸಿನೊಲೋನ್, ಸಿಕ್ಲೆಸೊನೈಡ್. ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್ ಸ್ಪ್ರೇ. ಈ ಬರಹ ಇವುಗಳ ಬಗ್ಗೆ.

ಆಕ್ಸಿಮೆಟಾಜೊಲಿನ್ ಅಥವಾ ಜೈಲೊಮೆಟಾಜೊಲಿನ್ ಅಂತ ಬರೆದಿದ್ದರೆ ಅದು ಬೇರೆಯೇ ಜಾತಿ. ಮೂಗಿನ ರಕ್ತನಾಳಗಳನ್ನು ಕುಗ್ಗಿಸಿ ನಿಮಿಷಗಳಲ್ಲಿ ಮೂಗು ಬಿಡಿಸುತ್ತದೆ. ಆ ವೇಗವೇ ಇದರ ಅಪಾಯ. 3ರಿಂದ 5 ದಿನಕ್ಕಿಂತ ಜಾಸ್ತಿ ಬಳಸಿದರೆ ಔಷಧಿಯ ಪ್ರಭಾವ ಇಳಿದ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಮತ್ತೆ ಹಾಕಬೇಕು, ಮತ್ತೆ ಕಟ್ಟುತ್ತದೆ. ತಿಂಗಳುಗಟ್ಟಲೆ ದಿಂಬಿನ ಪಕ್ಕದಲ್ಲೇ ಈ ಬಾಟಲಿ ಇಟ್ಟುಕೊಂಡು ಮಲಗುವವರು ಇದ್ದಾರೆ. "ಮೂಗಿನ ಸ್ಪ್ರೇ ಚಟ ಹಿಡಿಸುತ್ತದೆ" ಅನ್ನುವ ಮಾತು ಹುಟ್ಟಿದ್ದು ಇದರಿಂದ. ಸ್ಟೀರಾಯ್ಡ್ ಸ್ಪ್ರೇಗೆ ಈ ಗುಣ ಇಲ್ಲ. ನೀವು ಈಗಾಗಲೇ ಈ ಸುಳಿಯಲ್ಲಿ ಸಿಕ್ಕಿಕೊಂಡಿದ್ದರೆ ವೈದ್ಯರಿಗೆ ಹೇಳಿ. ಅದರಿಂದ ಹೊರಬರಲು ಸ್ಟೀರಾಯ್ಡ್ ಸ್ಪ್ರೇಯನ್ನೇ ಅವರು ಕೊಡುವುದುಂಟು.

ಬರೀ ಉಪ್ಪುನೀರಿನ ಸ್ಪ್ರೇ ಔಷಧಿಯಲ್ಲ, ಮೂಗು ತೊಳೆಯುವುದಕ್ಕೆ. ಅಜೆಲಾಸ್ಟಿನ್ ಅಂದರೆ, ಅಲರ್ಜಿಯಲ್ಲಿ ತುರಿಕೆ, ಸೀನು ತರಿಸುವ ಹಿಸ್ಟಮಿನ್ ಅನ್ನುವ ವಸ್ತುವನ್ನು ತಡೆಯುವ ಸ್ಪ್ರೇ. ಅಜೆಲಾಸ್ಟಿನ್ ಮತ್ತು ಫ್ಲುಟಿಕಾಸೋನ್ ಎರಡೂ ಸೇರಿದ ಬಾಟಲಿಯೂ ಸಿಗುತ್ತದೆ. ಅದರ ಅಳತೆ ಬೇರೆ, ಗಂಟಲಿಗೆ ಇಳಿದರೆ ಬಾಯೆಲ್ಲ ಕಹಿ.

ಮೂಗಿನೊಳಗೆ ಏನು ನಡೆಯುತ್ತದೆ

ಇದನ್ನು ತಿಳಿದುಕೊಂಡರೆ ದಿನಾ ಯಾಕೆ ಹಾಕಬೇಕು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಹೂವಿನ ಪರಾಗ, ಧೂಳಿನ ಹುಳದ ಕಣ, ಬೆಕ್ಕು ನಾಯಿಗಳ ಚರ್ಮದ ಹೊಟ್ಟು, ಬೂಷ್ಟು, ಇಂಥವು ಮೂಗಿಗೆ ಹೋದಾಗ ಅಲರ್ಜಿ ಇರುವವರ ಮೂಗಿನ ಒಳಪೊರೆಯಲ್ಲಿ ಕೂತಿರುವ ಮಾಸ್ಟ್ ಕೋಶ ಅನ್ನುವ ಕೋಶಗಳು ಹಿಸ್ಟಮಿನ್ ಬಿಡುತ್ತವೆ. ಕೆಲವೇ ನಿಮಿಷದಲ್ಲಿ ತುರಿಕೆ, ಸೀನು, ನೀರು ಸುರಿಯುವುದು ಶುರು. ಹೆಚ್ಚಿನವರು ಇದಷ್ಟೇ ಅಲರ್ಜಿ ಅಂದುಕೊಳ್ಳುತ್ತಾರೆ. ಆದರೆ ಕೆಲವು ಗಂಟೆ ಕಳೆದ ಮೇಲೆ ಎರಡನೇ ಅಲೆ ಬರುತ್ತದೆ. ರಕ್ತದಿಂದ ಇಯೋಸಿನೊಫಿಲ್ ಮುಂತಾದ ಕೋಶಗಳು ಬಂದು ಮೂಗಿನ ಪೊರೆಯಲ್ಲಿ ತುಂಬಿಕೊಳ್ಳುತ್ತವೆ. ಪೊರೆ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ. ದಿನಾ ಹೀಗೇ ಆಗುತ್ತಿದ್ದರೆ ಪೊರೆ ಎಷ್ಟು ಸೂಕ್ಷ್ಮವಾಗುತ್ತದೆ ಅಂದರೆ, ಮೊದಲು ಏನೂ ಮಾಡದಿದ್ದ ಚೂರು ಧೂಳೂ ಸೀನು ತರಿಸುತ್ತದೆ.

ಹಿಸ್ಟಮಿನ್ ತಡೆಯುವ ಮಾತ್ರೆ ಮೊದಲನೇ ಅಲೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಟ್ಟಿದ ಮೂಗಿಗೆ ಅದರಿಂದ ಅಷ್ಟಕ್ಕಷ್ಟೇ. ಸ್ಟೀರಾಯ್ಡ್ ಎರಡೂ ಅಲೆಯನ್ನು ಹಿಡಿಯುತ್ತದೆ. ಅದು ಕೋಶದ ಒಳಗೆ ಹೋಗಿ, ಊತ ತರುವ ವಸ್ತುಗಳು ತಯಾರಾಗುವುದನ್ನೇ ತಗ್ಗಿಸುತ್ತದೆ. ಈ ಕೆಲಸ ಕ್ಷಣದಲ್ಲಿ ಆಗುವಂಥದ್ದಲ್ಲ. ಕೆಲವರಿಗೆ ಅರ್ಧ ದಿನದಲ್ಲೇ ಸ್ವಲ್ಪ ಹಗುರ ಅನ್ನಿಸಬಹುದು. ಪೂರ್ತಿ ಫಲ ಕಾಣಲು ಹಲವು ದಿನ, ಕೆಲವರಿಗೆ 2 ವಾರವೂ ಬೇಕು. ಕಣ್ಣಿನ ತುರಿಕೆ, ನೀರು ಸುರಿಯುವುದೂ ಇದರಿಂದ ಕಡಿಮೆಯಾಗುವುದುಂಟು.

ಶುರು ಮಾಡುವ ಮುಂಚೆ ವೈದ್ಯರಿಗೆ ಹೇಳಬೇಕಾದ್ದು

ಇತ್ತೀಚೆಗೆ ಮೂಗಿನ ಆಪರೇಷನ್ ಆಗಿದ್ದರೆ, ಮೂಗಿಗೆ ಪೆಟ್ಟು ಬಿದ್ದಿದ್ದರೆ, ಒಳಗೆ ಹುಣ್ಣು ಇದ್ದರೆ ಅದು ಮಾಯುವ ತನಕ ಸ್ಟೀರಾಯ್ಡ್ ಸ್ಪ್ರೇ ಬೇಡ. ಸ್ಟೀರಾಯ್ಡ್ ಗಾಯ ಮಾಯುವುದನ್ನು ನಿಧಾನ ಮಾಡುತ್ತದೆ. ಕ್ಷಯ, ಕಣ್ಣಿನ ಹರ್ಪಿಸ್, ಮೂಗಿನಲ್ಲಿ ವಾಸಿಯಾಗದ ಸೋಂಕು, ಗ್ಲಾಕೋಮಾ (ಕಣ್ಣಿನ ಒಳಗಿನ ಒತ್ತಡದ ಕಾಯಿಲೆ), ಕಣ್ಣಿನ ಪೊರೆ, ಸಕ್ಕರೆ ಕಾಯಿಲೆ, ಇವುಗಳಲ್ಲಿ ಯಾವುದಿದ್ದರೂ ಹೇಳಿ. ಗರ್ಭಿಣಿಯರು, ಹಾಲುಣಿಸುವವರು ಸ್ವಂತ ನಿರ್ಧಾರ ಮಾಡಬೇಡಿ. ಗರ್ಭಿಣಿಯರ ವಿಷಯದಲ್ಲಿ ಬುಡೆಸೊನೈಡ್ ಬಗ್ಗೆ ಹೆಚ್ಚು ಅನುಭವ ಇರುವುದರಿಂದ ವೈದ್ಯರು ಅದನ್ನು ಆರಿಸುವುದುಂಟು.

ಆಸ್ತಮಾಗೆ ಸ್ಟೀರಾಯ್ಡ್ ಇನ್‌ಹೇಲರ್, ಚರ್ಮಕ್ಕೆ ಸ್ಟೀರಾಯ್ಡ್ ಮುಲಾಮು, ಜೊತೆಗೆ ಮೂಗಿಗೂ ಸ್ಪ್ರೇ. ಒಬ್ಬೊಬ್ಬ ವೈದ್ಯರು ಒಂದೊಂದು ಬರೆದುಕೊಟ್ಟಿರುತ್ತಾರೆ, ಒಟ್ಟು ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ. ಎಲ್ಲವನ್ನೂ ಒಬ್ಬರ ಮುಂದೆ ಇಡಿ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಗಂಟಲಿಗೆ ಇಳಿದ ಫ್ಲುಟಿಕಾಸೋನ್, ಬುಡೆಸೊನೈಡ್‌ಗಳನ್ನು ನಮ್ಮ ಯಕೃತ್ತು ಒಡೆದುಹಾಕುತ್ತದೆ. ಕೆಲವು ಔಷಧಿಗಳು ಯಕೃತ್ತಿನ ಈ ಕೆಲಸವನ್ನೇ ತಡೆಯುತ್ತವೆ. ಎಚ್‌ಐವಿಗೆ ಕೊಡುವ ರಿಟೊನಾವಿರ್, ಕೊಬಿಸಿಸ್ಟಾಟ್ ಮತ್ತು ಫಂಗಸ್ ಸೋಂಕಿಗೆ ಕೊಡುವ ಇಟ್ರಕೊನಜೋಲ್, ಕೀಟೊಕೊನಜೋಲ್ ಇಂಥವು. ಇವುಗಳ ಜೊತೆ ಸೇರಿದರೆ ಸ್ಟೀರಾಯ್ಡ್ ರಕ್ತದಲ್ಲೇ ಉಳಿದು, ಮುಖ ಊದುವುದು, ದೇಹದ ಸ್ವಂತ ಹಾರ್ಮೋನ್ ತಯಾರಿಕೆ ಕುಸಿಯುವುದು, ಇಂಥ ದೊಡ್ಡ ತೊಂದರೆ ಬರಬಹುದು. ಚರ್ಮದ ಹುಳುಕಡ್ಡಿಗೆ ಇಟ್ರಕೊನಜೋಲ್ ತೆಗೆದುಕೊಳ್ಳುತ್ತಿರುವವರು ಮೂಗಿನ ಸ್ಪ್ರೇ ವಿಷಯವನ್ನು ಚರ್ಮದ ವೈದ್ಯರಿಗೆ ಹೇಳುವುದೇ ಇಲ್ಲ. ದಯವಿಟ್ಟು ಹೇಳಿ.

ಬಾಟಲಿಯನ್ನು ತಯಾರು ಮಾಡುವುದು

ಹೊಸ ಬಾಟಲಿಯ ಪಂಪಿನಲ್ಲಿ ಮೊದಲು ಬರೀ ಗಾಳಿ ಇರುತ್ತದೆ. ಚೆನ್ನಾಗಿ ಅಲ್ಲಾಡಿಸಿ, ಮುಚ್ಚಳ ತೆಗೆದು, ಮುಖದಿಂದ ದೂರ ಹಿಡಿದು, ಸಣ್ಣ ಮಂಜಿನಂತೆ ಸಮವಾಗಿ ಬರುವ ತನಕ ಒತ್ತಬೇಕು. ಫ್ಲುಟಿಕಾಸೋನ್ ಬಾಟಲಿಗಳಿಗೆ ಸಾಮಾನ್ಯವಾಗಿ 6 ಸಲ, ಮೊಮೆಟಾಸೋನ್‌ಗೆ 10 ಸಲ ಒತ್ತಲು ಹೇಳಿರುತ್ತಾರೆ. ನಿಮ್ಮ ಡಬ್ಬಿಯೊಳಗಿನ ಚೀಟಿಯಲ್ಲಿ ಏನಿದೆಯೋ ಅದೇ ಸರಿ. ಒಂದು ವಾರ ಅಥವಾ ಅದಕ್ಕಿಂತ ಜಾಸ್ತಿ ಬಳಸದೆ ಇಟ್ಟಿದ್ದರೆ ಮತ್ತೆ ಒಂದೆರಡು ಸಲ ಗಾಳಿಗೆ ಒತ್ತಿ ನೋಡಿ.

ಇದರಲ್ಲಿ ಔಷಧಿ ಸಾಮಾನ್ಯವಾಗಿ ನೀರಿನಲ್ಲಿ ಕರಗಿರುವುದಿಲ್ಲ, ಪುಡಿಯಾಗಿ ತೇಲುತ್ತಿರುತ್ತದೆ. ಹಾಗೇ ಇಟ್ಟರೆ ತಳಕ್ಕೆ ಕೂರುತ್ತದೆ. ಅಲ್ಲಾಡಿಸದೆ ಹಾಕಿದರೆ ಒಂದು ದಿನ ಬರೀ ನೀರು, ಇನ್ನೊಂದು ದಿನ ಜಾಸ್ತಿ ಔಷಧಿ ಹೋಗುತ್ತದೆ. ಪ್ರತಿ ಸಲವೂ ಅಲ್ಲಾಡಿಸಿ.

ಬಾಟಲಿ ತೆರೆದ ತಾರೀಖನ್ನು ಲೇಬಲ್ ಮೇಲೆ ಪೆನ್ನಿನಲ್ಲಿ ಬರೆದಿಡಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಸ್ಪ್ರೇ ಹಾಕುವ ಕ್ರಮ

ಮೊದಲ ವಾರ ಕನ್ನಡಿ ಮುಂದೆ ನಿಂತು ಹಾಕಿ. ಕೈ ಎತ್ತ ವಾಲುತ್ತಿದೆ ಅಂತ ನಮಗೆ ನಾವೇ ನೋಡಿಕೊಳ್ಳದೆ ಗೊತ್ತಾಗುವುದಿಲ್ಲ.

1. ಕೈ ತೊಳೆದು, ಮೆತ್ತಗೆ ಮೂಗು ಸೀದಿ ಸ್ವಚ್ಛ ಮಾಡಿಕೊಳ್ಳಿ. ಒಳಗೆ ಸಿಂಬಳ ತುಂಬಿದ್ದರೆ ಔಷಧಿ ಅದರ ಮೇಲೆ ಕೂತು, ಸಿಂಬಳದ ಜೊತೆಗೇ ಹೊರಗೆ ಹೋಗುತ್ತದೆ. ತುಂಬ ಕಟ್ಟಿದ್ದರೆ ಅಥವಾ ಒಳಗೆ ಸಿಂಬಳ ಒಣಗಿ ಅಂಟಿದ್ದರೆ ಉಪ್ಪುನೀರಿನಿಂದ ತೊಳೆದು, 10 ನಿಮಿಷ ಬಿಟ್ಟು, ನೀರೆಲ್ಲ ಇಳಿದ ಮೇಲೆ ಸ್ಪ್ರೇ ಹಾಕಿ. ತೊಳೆಯುವ ನೀರನ್ನು ಮನೆಯಲ್ಲೇ ತಯಾರು ಮಾಡುವುದಾದರೆ ಕನಿಷ್ಠ 1 ನಿಮಿಷ ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ನೀರೇ ಆಗಬೇಕು. ನಲ್ಲಿ ನೀರನ್ನು ನೇರ ಮೂಗಿಗೆ ಹಾಕಬೇಡಿ. ತೀರಾ ಅಪರೂಪವಾದರೂ, ನೀರಿನಲ್ಲಿರುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗಿ ಪ್ರಾಣಕ್ಕೇ ಕುತ್ತು ತರಬಲ್ಲದು.

2. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ನಿಂತಲ್ಲೇ ನಿಮ್ಮ ಕಾಲ್ಬೆರಳು ಕಾಣುವಷ್ಟು ಬಾಗಿದರೆ ಸಾಕು. ತಲೆ ಹಿಂದಕ್ಕೆ ಎತ್ತಿದರೆ ಮೂಗಿನ ಒಳದಾರಿ ಗಂಟಲ ಕಡೆ ಇಳಿಜಾರಾಗುತ್ತದೆ. ಔಷಧಿ ಅಲ್ಲಿ ನಿಲ್ಲುವುದೇ ಇಲ್ಲ.

3. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಇಡೀ ಕ್ರಮದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಕನ್ನಡಿ ಮುಂದೆ ಬಲಗೈಯಲ್ಲಿ ಬಾಟಲಿ ಹಿಡಿದು ಬಲ ಹೊಳ್ಳೆಗೆ ಇಟ್ಟು ನೋಡಿ. ಬಾಟಲಿಯ ತಳ ಬಲಭುಜದ ಕಡೆ ವಾಲಿರುತ್ತದೆ, ತುದಿ ತಾನಾಗಿ ನಡುಗೋಡೆಯ ಕಡೆ ತಿರುಗಿರುತ್ತದೆ. ಈಗ ಅದೇ ಹೊಳ್ಳೆಗೆ ಎಡಗೈಯಿಂದ ಇಡಿ. ತಳ ಎಡಕ್ಕೆ ಬರುತ್ತದೆ, ತುದಿ ಹೊರಗಡೆಗೆ, ಬಲಗಣ್ಣಿನ ಹೊರಮೂಲೆಯ ಕಡೆ ನೋಡುತ್ತದೆ. ಕೈ ಬದಲಿಸಿದ್ದಕ್ಕೇ ಗುರಿ ಸರಿಹೋಯಿತು.

ಹೊರಗಡೆಗೇ ಯಾಕೆ? ಊದಿಕೊಂಡು ದಾರಿ ಮುಚ್ಚುವ ಭಾಗಗಳು, ವೈದ್ಯರು ಟರ್ಬಿನೇಟ್ ಅನ್ನುವುದು, ಹೊರಗೋಡೆಯಿಂದ ಒಳಕ್ಕೆ ಚಾಚಿಕೊಂಡಿವೆ. ಔಷಧಿ ಬೇಕಾಗಿರುವುದು ಅಲ್ಲಿಗೆ. ನಡುಗೋಡೆಯ ಮುಂಭಾಗದಲ್ಲಿ ಸಣ್ಣ ಸಣ್ಣ ರಕ್ತನಾಳಗಳು ತೆಳ್ಳನೆ ಪೊರೆಯ ಅಡಿಯಲ್ಲೇ ಬಲೆಯ ಹಾಗೆ ಹೆಣೆದುಕೊಂಡಿವೆ. ಮೂಗಿನಿಂದ ಬರುವ ರಕ್ತ ಹೆಚ್ಚಿನ ಸಲ ಈ ಜಾಗದ್ದೇ. ದಿನಾ ಅದೇ ಚುಕ್ಕೆಗೆ ಔಷಧಿ ಬಡಿಯುತ್ತಿದ್ದರೆ ಪೊರೆ ಒಣಗಿ ಬಿರಿಯುತ್ತದೆ.

4. ತೋರುಬೆರಳು ಮತ್ತು ನಡುಬೆರಳು ತುದಿಯ ಎರಡೂ ಪಕ್ಕ, ಹೆಬ್ಬೆರಳು ತಳಕ್ಕೆ. ತುದಿಯನ್ನು ಹೊಳ್ಳೆಯ ಬಾಯಿಂದ ಸ್ವಲ್ಪವೇ ಒಳಗೆ ಇಡಿ. ಆಳಕ್ಕೆ ತೂರಿಸುವುದು ಬೇಡ, ಒಳಗೋಡೆಗೆ ತಾಗಿಸುವುದೂ ಬೇಡ. ಕೆಲವು ಬಾಟಲಿಗಳಿಗೆ ಪಕ್ಕದಲ್ಲಿ ಒತ್ತುವ ಗುಂಡಿ ಇರುತ್ತದೆ. ಅದರಲ್ಲಿ ಬೆರಳಿನ ಜಾಗ ಬೇರೆ, ದಿಕ್ಕು ಇದೇ.

5. ಬಾಯಿ ಮುಚ್ಚಿ, ಹೂವು ಮೂಸುವಷ್ಟು ಮೆಲ್ಲಗೆ ಉಸಿರೆಳೆಯುತ್ತಾ ಒಂದು ಸಲ ಪೂರ್ತಿ ಒತ್ತಿ. ತುದಿ ತೆಗೆದು ಬಾಯಿಂದ ಉಸಿರು ಬಿಡಿ. ಮೂಗಿನಿಂದ ಬಿಟ್ಟರೆ ಹಾಕಿದ್ದೆಲ್ಲ ಹೊರಗೆ. ಇನ್ನೊಂದು ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಮುಚ್ಚಲು ಕೆಲವು ಚೀಟಿಗಳಲ್ಲಿ ಹೇಳಿರುತ್ತದೆ. ಮುಚ್ಚುವುದಾದರೆ ಮೆಲ್ಲಗೆ ಮುಚ್ಚಿ, ನಡುಗೋಡೆ ಸೊಟ್ಟಗಾಗುವ ಹಾಗೆ ಒತ್ತಬೇಡಿ.

6. ಎರಡು ಸ್ಪ್ರೇ ಹೇಳಿದ್ದರೆ ಎರಡನೆಯದನ್ನು ದಿಕ್ಕು ಒಂಚೂರು ಬದಲಿಸಿ ಹಾಕಿ. ಒಂದೇ ಜಾಗಕ್ಕೆ ಎರಡೂ ಬೀಳುವುದು ತಪ್ಪುತ್ತದೆ. ನಂತರ ಕೈ ಬದಲಿಸಿ ಇನ್ನೊಂದು ಹೊಳ್ಳೆಗೆ.

7. ಹಾಕಿದ ಮೇಲೆ 10ರಿಂದ 15 ನಿಮಿಷ ಮೂಗು ಸೀದಬೇಡಿ, ಜೋರಾಗಿ ಮೇಲಕ್ಕೆ ಎಳೆಯಬೇಡಿ. ಮುಂದಕ್ಕೆ ಒಂದು ಹನಿ ಜಾರಿದರೆ ಟಿಶ್ಯೂನಿಂದ ಒರೆಸಿಕೊಳ್ಳಿ. ಗಂಟಲಲ್ಲಿ ರುಚಿ ಗೊತ್ತಾದರೆ ಉಗುಳಿ, ಬಾಯಿ ಮುಕ್ಕಳಿಸಿ.

ಗಂಟಲಿಗೆ ದಿನಾ ಔಷಧಿಯ ರುಚಿ ಬರುತ್ತಿದೆ ಅಂದರೆ ತಲೆ ಹಿಂದಕ್ಕೆ ಹೋಗುತ್ತಿದೆ ಅಥವಾ ಜೋರಾಗಿ ಎಳೆಯುತ್ತಿದ್ದೀರಿ. ಹಾಕಿದ್ದೆಲ್ಲ ಮುಂದಕ್ಕೆ ಸುರಿಯುತ್ತಿದ್ದರೆ ತಲೆ ಜಾಸ್ತಿ ಬಗ್ಗಿದೆ ಅಥವಾ ತುದಿ ಒಳಗೆ ಹೋಗಿಲ್ಲ. ಸರಿಯಾಗಿ ಬಿದ್ದ ಸ್ಪ್ರೇ ಹೆಚ್ಚು ಸದ್ದು ಮಾಡದೆ ಮೂಗಿನಲ್ಲೇ ಉಳಿಯುತ್ತದೆ.

ಕೆಲವು ಫ್ಲುಟಿಕಾಸೋನ್ ಸ್ಪ್ರೇಗಳಿಗೆ ಗುಲಾಬಿಯಂಥ ವಾಸನೆ ಇರುತ್ತದೆ. ಆ ವಾಸನೆಗೇ ಸೀನು ಬರುವವರಿದ್ದಾರೆ. ಹಾಕಿದ ಕೂಡಲೇ ಚುರುಗುಟ್ಟುವುದಕ್ಕೆ ಔಷಧಿ ಕೆಡದಂತೆ ಒಳಗೆ ಸೇರಿಸಿದ ಪ್ರಿಸರ್ವೇಟಿವ್ ಕಾರಣ ಇರಬಹುದು. ಸುಮ್ನೆ ಸಹಿಸಿಕೊಂಡು ಕೊನೆಗೆ ಬಿಟ್ಟುಬಿಡುವ ಬದಲು ವಾಸನೆ ಇಲ್ಲದ, ಪ್ರಿಸರ್ವೇಟಿವ್ ಇಲ್ಲದ ಬೇರೆ ಸ್ಪ್ರೇ ಕೇಳಿ. ಸಿಗುತ್ತವೆ.

ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ

ದೊಡ್ಡವರಿಗೆ ಫ್ಲುಟಿಕಾಸೋನ್ ಪ್ರೊಪಿಯೊನೇಟ್ ಮತ್ತು ಮೊಮೆಟಾಸೋನ್ ಸ್ಪ್ರೇಗಳಲ್ಲಿ ಒಂದು ಒತ್ತಿಗೆ 50 ಮೈಕ್ರೋಗ್ರಾಂ ಬರುತ್ತದೆ. ಪ್ರತಿ ಹೊಳ್ಳೆಗೆ 2 ಸ್ಪ್ರೇ, ದಿನಕ್ಕೆ ಒಂದು ಸಲ, ಒಟ್ಟು 200 ಮೈಕ್ರೋಗ್ರಾಂ. ಶುರುವಿನ ಸಾಮಾನ್ಯ ಅಳತೆ ಇದು. ಫ್ಲುಟಿಕಾಸೋನ್ ಫ್ಯೂರೊಯೇಟ್ ಬೇರೆ ಔಷಧಿ, ಒಂದು ಒತ್ತಿಗೆ 27.5 ಮೈಕ್ರೋಗ್ರಾಂ. ಹೆಸರು ಹತ್ತಿರ ಇದೆ ಅಂತ ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬೇಡಿ. ನಿಮಗೆ ಎಷ್ಟು ಅನ್ನುವುದು ವೈದ್ಯರು ಬರೆದದ್ದು ಅಥವಾ ಚೀಟಿಯಲ್ಲಿರುವುದು.

ಸಮಯ ಬೆಳಗ್ಗೆಯೋ ರಾತ್ರಿಯೋ, ದಿನಾ ಒಂದೇ ಹೊತ್ತಿಗೆ ಆದರೆ ಸಾಕು. ಹಲ್ಲುಜ್ಜುವ ಮುಂಚೆ ಹಾಕುವ ಅಭ್ಯಾಸ ಒಳ್ಳೆಯದು. ಬಾಟಲಿ ಬ್ರಶ್ ಪಕ್ಕದಲ್ಲೇ ಇದ್ದರೆ ಮರೆಯುವುದಿಲ್ಲ, ಗಂಟಲಿಗೆ ಇಳಿದದ್ದು ಬಾಯಿ ಮುಕ್ಕಳಿಸುವಾಗ ಹೋಗುತ್ತದೆ. ಒಂದು ದಿನ ಮರೆತರೆ ಮರುದಿನ ಎರಡರಷ್ಟು ಹಾಕಬೇಡಿ, ಮಾಮೂಲಿ ಅಳತೆಯಲ್ಲೇ ಮುಂದುವರಿಸಿ.

ಮೊದಲ 2 ವಾರ ಬಿಡದೆ ಹಾಕಿ. 4ನೇ ದಿನ "ಏನೂ ಆಗ್ತಿಲ್ಲ" ಅನ್ನಿಸಬಹುದು. ಆಗಲೂ ಬಿಡಬೇಡಿ, ಅಳತೆಯನ್ನು ಜಾಸ್ತಿಯೂ ಮಾಡಬೇಡಿ. ಜಾಸ್ತಿ ಒತ್ತಿದರೆ ಬೇಗ ಕೆಲಸ ಮಾಡುವ ಔಷಧಿ ಇದಲ್ಲ. ಮೂಗು ಹಿಡಿತಕ್ಕೆ ಬಂದ ಮೇಲೆ ಪ್ರತಿ ಹೊಳ್ಳೆಗೆ ಒಂದೇ ಸ್ಪ್ರೇಗೆ ಇಳಿಸಿ ನೋಡಬಹುದು. ಆರಾಮ ಉಳಿಯುವಷ್ಟು, ಅದಕ್ಕಿಂತ ಚೂರೂ ಜಾಸ್ತಿ ಬೇಡ. ಅದೇ ನಿಮ್ಮ ಅಳತೆ.

ವರ್ಷದಲ್ಲಿ ಯಾವುದೋ ಒಂದು ಕಾಲದಲ್ಲಿ ಮಾತ್ರ ಅಲರ್ಜಿ ಬರುವವರು ಆ ಕಾಲ ಶುರುವಾಗುವ 1ರಿಂದ 2 ವಾರ ಮುಂಚೆಯೇ ಹಾಕಲು ಶುರು ಮಾಡಿ. ಪೊರೆ ಊದಿಕೊಂಡ ಮೇಲೆ ಇಳಿಸುವುದಕ್ಕಿಂತ ಊದದಂತೆ ತಡೆಯುವುದು ಸುಲಭ. ಕಾಲ ಮುಗಿದ ಮೇಲೆ ನಿಲ್ಲಿಸಬಹುದು. ಮಾಮೂಲಿ ಅಳತೆಯಲ್ಲಿ ಹಾಕುತ್ತಿದ್ದರೆ, ನುಂಗುವ ಸ್ಟೀರಾಯ್ಡ್ ಮಾತ್ರೆಯ ಹಾಗೆ ಹಂತಹಂತವಾಗಿ ಇಳಿಸಬೇಕಾಗಿಲ್ಲ. ವರ್ಷವಿಡೀ ಬೇಕಾಗುವವರು 6 ತಿಂಗಳಿಗೊಮ್ಮೆಯಾದರೂ ವೈದ್ಯರಿಗೆ ಮೂಗಿನ ಒಳಗೆ ನೋಡಲು ಹೇಳಿ.

"ಸ್ಟೀರಾಯ್ಡ್" ಅನ್ನುವ ಭಯ

ಈ ಭಯಕ್ಕೆ ಅರ್ಥ ಇಲ್ಲ ಅಂತ ನಾನು ಹೇಳುವುದಿಲ್ಲ. ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲಿ ಮೂಳೆ ಸವೆತ, ಸಕ್ಕರೆ ಏರಿಕೆ, ಮುಖ ಊದುವುದು ಇವೆಲ್ಲ ನಿಜ. ಆದರೆ ಮೂಗಿನ ಸ್ಪ್ರೇ ಲೆಕ್ಕವೇ ಬೇರೆ. ಅಳತೆ ಮೈಕ್ರೋಗ್ರಾಂನಲ್ಲಿದೆ, ಔಷಧಿ ಬೀಳುವುದು ಬೇಕಾದ ಜಾಗಕ್ಕೇ. ಗಂಟಲಿಗೆ ಇಳಿದದ್ದರ ಹೆಚ್ಚಿನ ಪಾಲನ್ನು ಯಕೃತ್ತು ಒಡೆದುಹಾಕುತ್ತದೆ. ಫ್ಲುಟಿಕಾಸೋನ್ ಪ್ರೊಪಿಯೊನೇಟ್‌ನಲ್ಲಿ ರಕ್ತಕ್ಕೆ ಸೇರುವುದು ಶೇ 2ಕ್ಕಿಂತ ಕಡಿಮೆ, ಮೊಮೆಟಾಸೋನ್‌ನಲ್ಲಿ ಶೇ 1ಕ್ಕಿಂತ ಕಡಿಮೆ, ಫ್ಲುಟಿಕಾಸೋನ್ ಫ್ಯೂರೊಯೇಟ್‌ನಲ್ಲಿ ಸುಮಾರು ಶೇ 0.5. ಬೆಕ್ಲೋಮೆಥಾಸೋನ್, ಬುಡೆಸೊನೈಡ್, ಟ್ರಯಾಮ್ಸಿನೊಲೋನ್ ಇವುಗಳಲ್ಲಿ ಈ ಪಾಲು ಜಾಸ್ತಿ. ಮಕ್ಕಳಿಗೆ, ವರ್ಷವಿಡೀ ಹಾಕುವವರಿಗೆ ಮೊದಲಿನ ಗುಂಪನ್ನು ಆರಿಸುವುದಕ್ಕೆ ಇದೂ ಒಂದು ಕಾರಣ.

ಮೈ ಬೆಳೆಸಲು ಕೆಲವರು ತೆಗೆದುಕೊಳ್ಳುವ ಸ್ಟೀರಾಯ್ಡ್ ಇದಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ನನಗೆ ನಿಜವಾಗಿ ಕಳವಳ ತರುವುದು ಇನ್ನೊಂದು. ಸ್ಪ್ರೇಗೆ ಹೆದರಿ ಬಿಟ್ಟು, "ಒಂದು ಚುಚ್ಚಿಸಿಕೊಂಡರೆ ತಿಂಗಳು ಆರಾಮ" ಅಂತ ಅಲರ್ಜಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಳ್ಳುವವರು. ಆ ಔಷಧಿ ವಾರಗಟ್ಟಲೆ ಇಡೀ ದೇಹಕ್ಕೆ ಹರಡುತ್ತದೆ, ಒಮ್ಮೆ ಚುಚ್ಚಿದ ಮೇಲೆ ವಾಪಸ್ ತೆಗೆಯಲೂ ಆಗುವುದಿಲ್ಲ. ಅಲರ್ಜಿ ಮೂಗಿಗೆ ತಜ್ಞರು ಇದನ್ನು ಬೇಡ ಅನ್ನುತ್ತಾರೆ.

ಸ್ಪ್ರೇಯಿಂದ ಸಾಮಾನ್ಯವಾಗಿ ಬರುವ ತೊಂದರೆ ಮೂಗಿನ ಮಟ್ಟದವು. ಒಣಗುವುದು, ಉರಿ, ಸೀನು, ಗಂಟಲು ಕೆರೆತ, ತಲೆನೋವು, ಸ್ವಲ್ಪ ರಕ್ತ. ಅಪರೂಪಕ್ಕೆ ಮೂಗಿನಲ್ಲಿ ಅಥವಾ ಗಂಟಲಿನಲ್ಲಿ ಫಂಗಸ್ ಸೋಂಕು. ತೀರಾ ಅಪರೂಪಕ್ಕೆ ನಡುಗೋಡೆಯಲ್ಲಿ ತೂತು. ಇದಕ್ಕೆ ಹೆದರಿ ಬಿಡುವ ಬದಲು ಮೇಲಿನ 3ನೇ ಹೆಜ್ಜೆಯನ್ನು ಬಿಡದೆ ಪಾಲಿಸಿ.

ರಕ್ತ ಕಾಣಿಸಿಕೊಂಡರೆ

ಟಿಶ್ಯೂ ಮೇಲೆ ಕೆಂಪು ಗೆರೆ ಕಂಡರೆ ಆ ಕಡೆ ಹೊಳ್ಳೆಗೆ ಕೆಲವು ದಿನ ಸ್ಪ್ರೇ ನಿಲ್ಲಿಸಿ. ಉಪ್ಪುನೀರಿನ ಸ್ಪ್ರೇ ಹಾಕಿ ಒಳಗೆ ತೇವ ಇಡಿ. ಬೆರಳು ಹಾಕಬೇಡಿ. ಮತ್ತೆ ಶುರು ಮಾಡುವಾಗ ಕನ್ನಡಿ ಮುಂದೆ ದಿಕ್ಕು ನೋಡಿಕೊಳ್ಳಿ. ಯಾವಾಗಲೂ ಒಂದೇ ಹೊಳ್ಳೆಯಲ್ಲಿ ರಕ್ತ ಬರುತ್ತಿದ್ದರೆ ಆ ಕಡೆ ಕೈ ಬದಲಿಸುತ್ತಿದ್ದೀರಾ ಅಂತ ಗಮನಿಸಿ. ನಡುಗೋಡೆ ಒಂದು ಕಡೆಗೆ ಬಾಗಿರುವವರಲ್ಲೂ ಹೀಗಾಗುತ್ತದೆ. ಮತ್ತೆ ಮತ್ತೆ ಬಂದರೆ ವೈದ್ಯರು ನೋಡಲೇಬೇಕು.

ರಕ್ತ ಸುರಿಯುತ್ತಿದ್ದರೆ ಕೂತು, ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು ಬಾಯಿಂದ ಉಸಿರಾಡಿ. ಗಡಿಯಾರ ನೋಡಿಕೊಂಡು 10ರಿಂದ 15 ನಿಮಿಷ, ನಡುವೆ ಬಿಟ್ಟು ನೋಡುವುದು ಬೇಡ. ತಲೆ ಹಿಂದಕ್ಕೆ ಎತ್ತಿದರೆ ರಕ್ತ ಗಂಟಲಿಗೆ ಹೋಗಿ ವಾಂತಿ ಬರುತ್ತದೆ.

ಮಕ್ಕಳಿಗೆ ಹಾಕುವಾಗ

ಯಾವ ವಯಸ್ಸಿನಿಂದ ಕೊಡಬಹುದು ಅನ್ನುವುದು ಔಷಧಿಯಿಂದ ಔಷಧಿಗೆ, ದೇಶದಿಂದ ದೇಶಕ್ಕೆ ಬೇರೆ. ಒಂದು ಮಗುವಿಗೆ ಬರೆದದ್ದನ್ನು ಇನ್ನೊಂದಕ್ಕೆ ಹಾಕಬೇಡಿ. ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ಪ್ರತಿ ಹೊಳ್ಳೆಗೆ ಒಂದೇ ಸ್ಪ್ರೇ. ಕೆಲವು ಫ್ಲುಟಿಕಾಸೋನ್ ಬಾಟಲಿಗಳ ಮೇಲೆ, 4ರಿಂದ 11 ವರ್ಷದವರಿಗೆ ವರ್ಷಕ್ಕೆ 2 ತಿಂಗಳಿಗಿಂತ ಜಾಸ್ತಿ ಬೇಕಾದರೆ ವೈದ್ಯರನ್ನು ಕೇಳಿ ಅಂತ ಬರೆದಿರುತ್ತದೆ. ಕಾರಣ ಎತ್ತರ. ಬೆಕ್ಲೋಮೆಥಾಸೋನ್ ಅನ್ನು ಒಂದು ವರ್ಷ ಬಿಡದೆ ಹಾಕಿದ ಮಕ್ಕಳಲ್ಲಿ ಬೆಳವಣಿಗೆ ಚೂರು ನಿಧಾನವಾದದ್ದು ಕಂಡಿದೆ. ಮೊಮೆಟಾಸೋನ್‌ನಲ್ಲಿ ಅಷ್ಟೇ ಕಾಲ ನೋಡಿದಾಗ ಹಾಗೆ ಕಂಡಿಲ್ಲ. ತಿಂಗಳುಗಟ್ಟಲೆ ಬೇಕಾದ ಮಗುವಿನ ಎತ್ತರವನ್ನು ಆಗಾಗ ಅಳೆಸಿ ಬರೆದಿಡಿ, ಅಷ್ಟು ಸಾಕು.

ಮಗು ಹೆದರುವುದು ಸಹಜ. ಮೊದಲು ಅದರ ಅಂಗೈ ಮೇಲೆ ಒಂದು ಸಲ ಒತ್ತಿ ತೋರಿಸಿ. "ನೋಡು ಪುಟ್ಟಾ, ತಣ್ಣಗಿದೆ ಅಲ್ವಾ?" ಅಂದರೆ ಅರ್ಧ ಭಯ ಹೋಗುತ್ತದೆ. ಎದುರಿಗೆ ಕೂತು, ನೆಲದ ಮೇಲಿರುವ ಏನನ್ನಾದರೂ ನೋಡಲು ಹೇಳಿ, ತಲೆ ತಾನಾಗಿ ಬಾಗುತ್ತದೆ. ತುದಿ ಅದರ ಕಣ್ಣಿನ ಹೊರಮೂಲೆಯ ಕಡೆ ಇರಲಿ. ಇಬ್ಬರು ಸೇರಿ ಅಮುಕಿ ಹಿಡಿದು ಹಾಕಿದರೆ ತುದಿ ಒಳಗೆ ಗೀರುತ್ತದೆ, ಮರುದಿನ ಬಾಟಲಿ ಕಂಡರೇ ಮಗು ಓಡುತ್ತದೆ. 12 ವರ್ಷದ ತನಕ ದೊಡ್ಡವರು ಪಕ್ಕದಲ್ಲಿರಬೇಕು.

ಬಾಟಲಿಯ ಆರೈಕೆ

ಪ್ರತಿ ಸಲ ಹಾಕಿದ ಮೇಲೆ ತುದಿಯನ್ನು ಒಣ ಟಿಶ್ಯೂನಿಂದ ಒರೆಸಿ ಮುಚ್ಚಳ ಹಾಕಿ. ತುದಿ ಕಟ್ಟಿಕೊಂಡರೆ ಪಿನ್ನು, ಸೂಜಿ ಹಾಕಬೇಡಿ. ತೂತು ದೊಡ್ಡದಾದರೆ ಮಂಜಿನ ಬದಲು ನೀರಿನ ಗೆರೆ ಹೊಡೆಯುತ್ತದೆ, ಅಳತೆ ಕೆಡುತ್ತದೆ. ಬಹಳಷ್ಟು ಬಾಟಲಿಗಳ ತುದಿಯನ್ನು ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಬಹುದು. ಕೆಲವನ್ನು ನೀರಿಗೆ ತಾಗಿಸಲೇಬಾರದು, ಚೀಟಿ ನೋಡಿ. ಫ್ರಿಜ್ ಬೇಡ, ಬಿಸಿಲೂ ಬೇಡ. ಒಬ್ಬರ ಬಾಟಲಿ ಒಬ್ಬರಿಗೇ.

ಲೇಬಲ್ ಮೇಲೆ 120 ಅಥವಾ 140 ಸ್ಪ್ರೇ ಅಂತ ಇರುತ್ತದೆ. ದಿನಕ್ಕೆ 4 ಒತ್ತಿದರೆ 120ರ ಬಾಟಲಿ 30 ದಿನಕ್ಕೆ ಮುಗಿಯಿತು. ಅಲ್ಲಾಡಿಸಿದರೆ ಒಳಗೆ ಇನ್ನೂ ನೀರಿನ ಸದ್ದು ಬರುತ್ತದೆ, ಆದರೂ ಆಮೇಲೆ ಬರುವ ಒತ್ತಿನಲ್ಲಿ ಔಷಧಿ ಎಷ್ಟಿದೆ ಅನ್ನುವ ಖಾತರಿ ಇಲ್ಲ. ತೆರೆದ 2 ತಿಂಗಳಲ್ಲಿ ಎಸೆಯಬೇಕಾದ ಸ್ಪ್ರೇಗಳೂ ಇವೆ. ತಾರೀಖು ಬರೆದಿಡಿ ಅಂದದ್ದು ಇದಕ್ಕೇ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು

ಸರಿಯಾದ ಕ್ರಮದಲ್ಲಿ, ಬಿಡದೆ 2ರಿಂದ 4 ವಾರ ಹಾಕಿದರೂ ಮೂಗು ಬಿಡದಿದ್ದರೆ ಅದು ಅಲರ್ಜಿಯೇ ಅಲ್ಲದಿರಬಹುದು, ಅಥವಾ ಅಲರ್ಜಿಯ ಜೊತೆ ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಡ್ಡೆ), ಬಾಗಿದ ನಡುಗೋಡೆ ಇರಬಹುದು. ಯಾವಾಗಲೂ ಒಂದೇ ಕಡೆ ಮೂಗು ಕಟ್ಟುವುದು, ಒಂದೇ ಕಡೆಯಿಂದ ಕೆಟ್ಟ ವಾಸನೆಯ ಅಥವಾ ರಕ್ತ ಬೆರೆತ ಸಿಂಬಳ ಬರುವುದು, ವಾಸನೆ ಗೊತ್ತಾಗದೇ ಹೋಗುವುದು, ಜ್ವರದ ಜೊತೆ ಮುಖದ ಮೂಳೆಗಳಲ್ಲಿ ನೋವು, ಉಸಿರಾಡುವಾಗ ಮೂಗಿನಿಂದ ಸಿಳ್ಳೆಯಂಥ ಸದ್ದು, ಬಾಯಿ ಗಂಟಲಲ್ಲಿ ಬಿಳಿ ಕಲೆ, ಇವುಗಳಲ್ಲಿ ಯಾವುದಿದ್ದರೂ ಸ್ಪ್ರೇ ಮುಂದುವರಿಸುತ್ತಾ ಕಾಯಬೇಡಿ. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆ ಬರುವ ಸಣ್ಣ ಮಗುವಿನ ಮೂಗಿನಲ್ಲಿ ಮಣಿಯೋ ಕಾಳೋ ಸಿಕ್ಕಿಕೊಂಡಿರಬಹುದು.

ಕಣ್ಣು ಮಂಜಾದರೆ, ಕಣ್ಣು ನೋವು ಬಂದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಸ್ಪ್ರೇ ನಿಲ್ಲಿಸಿ ಅವತ್ತೇ ಕಣ್ಣಿನ ವೈದ್ಯರಿಗೆ ತೋರಿಸಿ. 20 ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಅಥವಾ ಸ್ಪ್ರೇ ಹಾಕಿದ ಮೇಲೆ ಮುಖ, ನಾಲಿಗೆ ಊದಿ ಉಸಿರು ಕಟ್ಟಿದಂತಾದರೆ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.